ಉನ್ಜೆನ್ ಬಿಸಿನೀರಿನ ಬೆಟ್ಟ: ನಿಂತವರು, ಬಿದ್ದವರು

ಜಪಾನ್ ದೇಶದ ನೈಋತ್ಯದಲ್ಲಿ ಕ್ಯೂಶೂ ಎಂಬ ದೊಡ್ಡ ದ್ವೀಪವಿದೆ. ಅದರ ಪಶ್ಚಿಮದಂಚಿನ ನಾಗಸಾಕಿ ನಗರದಿಂದ ಬಸ್ಸು ಹಿಡಿದು ಪೂರ್ವಕ್ಕೆ ಹೊರಟರೆ, ಪ್ರಿಯ ಓದುಗರೇ, ಸುಮಾರು ಎರಡು ಗಂಟೆಗಳಲ್ಲಿ ನೀವು ಶಿಮಾಬಾರ ಪರ್ಯಾಯದ್ವೀಪದ ನಡುವೆ ಎದ್ದುನಿಂತಿರುವ ಉನ್ಜೆನ್ ಬೆಟ್ಟವನ್ನು ತಲುಪುತ್ತೀರಿ. ಕಡಲ ದಡದ ಒಬಾಮ ಎಂಬ ಊರು ಹಿಂದೆ ಸರಿದ ಮೇಲೆ ರಸ್ತೆ ಬಳಸಿ ಬಳಸಿ ಮೇಲೇರುತ್ತದೆ. ಇಕ್ಕೆಲಗಳಲ್ಲೂ ದಟ್ಟವಾದ ಕಾಡು. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿ ಆ ಕಾಡು ಥಟ್ಟನೆ ನಿಂತುಹೋಗುತ್ತದೆ. ಮುಂದೆ ಹಸಿರಿನ ಸುಳಿವಿಲ್ಲ. ಸುಣ್ಣ ಬಳಿದಂತೆ ಬಿಳಿಚಿಕೊಂಡ ನೆಲ, ಆ ನೆಲದ ಸೀಳುಗಳಿಂದ ಬುಸುಗುಟ್ಟುತ್ತ ಹೊರಡುವ ಹಬೆ, ಕೊತಕೊತನೆ ಕುದಿಯುವ ಬೂದುಬಣ್ಣದ ನೀರು, ಮೂಗಿಗೆ ಅಡರುವ ಗಂಧಕದ ವಾಸನೆ. ಈ ಬಯಲಿನ ಸುತ್ತ ಕೆಂಪು ಪೈನ್ ಮರಗಳು ದೂರದಿಂದಲೇ ನೋಡುತ್ತ ನಿಂತಂತೆ ನಿಂತಿವೆ.

ಜಪಾನೀಯರು ಈ ಸ್ಥಳವನ್ನು ‘ಜಿಗೊಕು’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ನರಕ. ಇಲ್ಲಿ ಇಂತಹ ಸುಮಾರು 30 ‘ನರಕ’ಗಳಿವೆ, ಒಂದೊಂದಕ್ಕೂ ಒಂದೊಂದು ಹೆಸರು. ಅವುಗಳಲ್ಲಿ ಅತ್ಯಂತ ರಭಸದಿಂದ ಹಬೆಯುಗುಳುವ ಬುಗ್ಗೆಗೆ ‘ದೈಕ್ಯೋಕನ್’ ಎಂದು ಹೆಸರು. ಬೌದ್ಧ ಗ್ರಂಥಗಳಲ್ಲಿ ಬರುವ ಮಹಾರೌರವ ನರಕದ ಜಪಾನೀ ರೂಪವೇ ಅದು. ರೌರವ ನರಕ ಎಂಬ ಮಾತು ಕನ್ನಡಿಗರಾದ ನಮಗೆ ಹೊಸದಲ್ಲ. ಭಾರತದ ನೆಲದಲ್ಲಿ ಹುಟ್ಟಿದ ಆ ಕಲ್ಪನೆ ಚೀನಾದ ದಾರಿಯಾಗಿ ಅಷ್ಟು ದೂರ ಹೋಗಿ, ಒಂದು ಬೆಟ್ಟದ ಬುಗ್ಗೆಗೆ ಹೆಸರಾಗಿ ನಿಂತಿದೆ. ಕ್ರಿ.ಶ. 701ರಲ್ಲಿ ಗ್ಯೋಕಿ ಎಂಬ ಭಿಕ್ಷು ಇಲ್ಲಿ ಮಂಮ್ಯೋಜಿ ಎಂಬ ಮಂದಿರವನ್ನು ಕಟ್ಟಿದನೆಂದು ಸಂಪ್ರದಾಯ ಹೇಳುತ್ತದೆ. ಅಂದಿನಿಂದ ಇದು ತಪಸ್ವಿಗಳ ಬೆಟ್ಟ. ಹೆಸರಿಗೂ ಒಂದು ಕತೆಯಿದೆ. ಹಿಂದೆ ‘ಬಿಸಿನೀರಿನ ಬುಗ್ಗೆ’ ಎಂಬರ್ಥದ ಅಕ್ಷರಗಳನ್ನೇ ಬರೆದು ‘ಉನ್ಜೆನ್’ ಎಂದು ಓದುತ್ತಿದ್ದರು. 1934ರಲ್ಲಿ ಇದು ಜಪಾನಿನ ಮೊದಲ ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದಾದಾಗ ಉಚ್ಚಾರಣೆಯನ್ನು ಹಾಗೆಯೇ ಉಳಿಸಿಕೊಂಡು ‘ಮೇಘ’ ಮತ್ತು ‘ಋಷಿ’ ಎಂಬರ್ಥದ ಅಕ್ಷರಗಳನ್ನು ಇಟ್ಟರು.

ಈ ನೀರು ಕಾಯುವುದು ಹೇಗೆ? ಪರ್ಯಾಯದ್ವೀಪದ ಪಶ್ಚಿಮಕ್ಕಿರುವ ಕೊಲ್ಲಿಯ ತಳದಲ್ಲಿ, ಬಹು ಆಳದಲ್ಲಿ, ಕರಗಿದ ಶಿಲೆಯ ಭಂಡಾರವಿದೆ. ಅದರಿಂದ ಬಿಡುಗಡೆಯಾಗುವ ಶಾಖವೂ ಅನಿಲಗಳೂ ಪೂರ್ವಕ್ಕೆ ಓರೆಯಾಗಿ ಏರುತ್ತವೆ. ಹಾಗಾಗಿ ಭಂಡಾರಕ್ಕೆ ಹತ್ತಿರವಾದ ಒಬಾಮದಲ್ಲಿ ನೂರು ಡಿಗ್ರಿ ಮುಟ್ಟುವ ಉಪ್ಪುನೀರು, ನಡುವಿನ ಉನ್ಜೆನ್‌ನಲ್ಲಿ ಗಂಧಕದ ಹುಳಿನೀರು, ಪೂರ್ವ ಕರಾವಳಿಯ ಶಿಮಾಬಾರ ಪಟ್ಟಣದಲ್ಲಿ ಉಗುರುಬೆಚ್ಚಗಿನ ಸೋಡಾ ನೀರು. ಮೂಲ ಒಂದೇ, ನೀರು ಮೂರು ಬಗೆ. ಉನ್ಜೆನ್ ಜೀವಂತ ಜ್ವಾಲಾಮುಖಿ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 1792ರಲ್ಲಿ ಇದರ ಒಂದು ಪಾರ್ಶ್ವ ಕುಸಿದು ಸಮುದ್ರಕ್ಕೆ ಬಿದ್ದು ಎದ್ದ ಅಲೆಗಳಿಗೆ ಸುಮಾರು 15,000 ಜನ ಬಲಿಯಾದರು. 1991ರ ಜೂನ್ 3ರಂದು ಉರಿಬೂದಿಯ ಪ್ರವಾಹಕ್ಕೆ ಸಿಲುಕಿ 43 ಮಂದಿ ಸತ್ತರು.

ಇಂದು ಅಲ್ಲಿಗೆ ಹೋಗುವವರು ಮರದ ಹಾಸಿನ ಕಾಲುದಾರಿಯಲ್ಲಿ ಹಬೆಯ ನಡುವೆ ನಡೆಯುತ್ತಾರೆ, ಬುಗ್ಗೆಯ ಹಬೆಯಲ್ಲೇ ಬೇಯಿಸಿದ ಮೊಟ್ಟೆ ತಿನ್ನುತ್ತಾರೆ, ಸಂಜೆ ವಸತಿಗೃಹದ ಕೊಳದಲ್ಲಿ ಮಿಂದು ಮೈ ಹಗುರ ಮಾಡಿಕೊಳ್ಳುತ್ತಾರೆ. ಮೈಕೈ ನೋವಿಗೂ ಚರ್ಮರೋಗಕ್ಕೂ ಈ ನೀರು ಒಳ್ಳೆಯದೆಂಬ ಹೆಸರಿದೆ. ಆದರೆ ಆ ಕಾಲುದಾರಿಯಲ್ಲಿ ನೀವು ಒಂದು ಶಿಲುಬೆಯನ್ನು ಕಾಣುವಿರಿ. ಅನತಿ ದೂರದ ಒಂದು ಬುಗ್ಗೆಗೆ ‘ಸೆಯಿಶಿಚಿ ನರಕ’ ಎಂದು ಹೆಸರು. ಸೆಯಿಶಿಚಿ ಎಂಬಾತ ಇಲ್ಲಿ ಪ್ರಾಣ ಕೊಟ್ಟ ಕ್ರೈಸ್ತನೆಂದು ಸ್ಥಳೀಯರ ನೆನಪು. ನೋವು ಕಳೆಯುವ ಈ ನೀರು 1627ರಿಂದ ಕೆಲವು ವರ್ಷಗಳ ಕಾಲ ನೋವು ಕೊಡುವ ಉಪಕರಣವಾಗಿತ್ತು. ಆ ಕತೆಯನ್ನು ನಮ್ಮ ಕುಟುಂಬಗಳು ತಿಳಿದಿರಬೇಕೆಂದು ಈ ಲೇಖನ.

ಈ ಕತೆಯ ಮೊದಲ ಎಳೆ ನಮ್ಮ ಪಕ್ಕದ ಗೋವೆಯಿಂದಲೇ ಹೊರಡುತ್ತದೆ. ಆಂಜಿರೋ ಎಂಬ ಜಪಾನೀಯ 1548ರ ಪವಿತ್ರಾತ್ಮರ ಹಬ್ಬದಂದು ಗೋವೆಯಲ್ಲಿ ಜ್ಞಾನಸ್ನಾನ ಪಡೆದ. ಮರುವರ್ಷ ಅವನನ್ನು ಜೊತೆಗೂಡಿಕೊಂಡು ಸಂತ ಫ್ರಾನ್ಸಿಸ್ ಕ್ಸೇವಿಯರರು ಗೋವೆಯಿಂದ ಹೊರಟು, 1549ರ ಆಗಸ್ಟ್ 15ರಂದು ಕ್ಯೂಶೂವಿನ ಕಾಗೋಶಿಮಾದಲ್ಲಿ ಇಳಿದರು. ಮೊದಲು ಜಪಾನಿನ ಧರ್ಮಸಭೆ ಗೋವೆಯ ಅಧಿಕಾರವ್ಯಾಪ್ತಿಯಲ್ಲಿತ್ತು. ಅಂದು ಕೆನರಾ ಕರಾವಳಿಯ ನಮ್ಮ ಹಿರಿಯರೂ ಅದೇ ಧರ್ಮಪ್ರಾಂತ್ಯದವರು. ಮುಂಬಯಿ ಬಳಿಯ ವಸಾಯಿಯಲ್ಲಿ ಹುಟ್ಟಿದ ಸಂತ ಗೊನ್ಸಾಲೊ ಗಾರ್ಸಿಯಾ 1597ರ ಫೆಬ್ರವರಿ 5ರಂದು ನಾಗಸಾಕಿಯ ನಿಶಿಜಾಕಾ ಗುಡ್ಡದಲ್ಲಿ ಶಿಲುಬೆಗೇರಿದ 26 ಮಂದಿಯಲ್ಲಿ ಒಬ್ಬರು.

ಶಿಮಾಬಾರ ಸೀಮೆಗೆ ಶುಭಸಂದೇಶ ತಲುಪಿದ್ದು 1563ರಲ್ಲಿ. ಅಲ್ಲಿನ ಅರಿಮಾ ಮನೆತನದ ಒಡೆಯ ಹರುನೊಬು 1580ರಲ್ಲಿ ಜ್ಞಾನಸ್ನಾನ ಪಡೆದು ಪ್ರೊತಾಸಿಯೊ ಎನಿಸಿಕೊಂಡ. ಅದೇ ವರ್ಷ ಅರಿಮಾದಲ್ಲಿ ಯೇಸುಸಭೆಯ ಗುರುಮಠ ತೆರೆಯಿತು. 1582ರಲ್ಲಿ ನಾಲ್ವರು ಹುಡುಗರು ಜಪಾನೀ ಧರ್ಮಸಭೆಯ ರಾಯಭಾರಿಗಳಾಗಿ ಯೂರೋಪಿಗೆ ಹೊರಟರು: ಇತೋ ಮನ್ಸಿಯೊ, ಚಿಜಿವಾ ಮಿಗೆಲ್, ನಕೌರಾ ಜೂಲಿಯಾವೊ, ಹಾರಾ ಮಾರ್ತಿನ್ಯೊ. ಹೋಗುವಾಗಲೂ ಬರುವಾಗಲೂ ಅವರು ಗೋವೆಯಲ್ಲಿ ತಂಗಿದ್ದರು. ಬರುವಾಗ ಮಾರ್ತಿನ್ಯೊ ಅಲ್ಲಿ ಲ್ಯಾಟಿನ್ ಭಾಷೆಯಲ್ಲಿ ಮಾಡಿದ ಭಾಷಣ 1588ರಲ್ಲಿ ಗೋವೆಯಲ್ಲೇ ಅಚ್ಚಾಯಿತು. 1590ರಲ್ಲಿ ಅವರ ಜೊತೆ ಜಪಾನಿಗೆ ಬಂದ ಮುದ್ರಣಯಂತ್ರ ಮರುವರ್ಷ ಉನ್ಜೆನ್ ಬೆಟ್ಟದ ದಕ್ಷಿಣ ತಪ್ಪಲಿನ ಕಜುಸಾದಲ್ಲಿ ಕೆಲಸ ಆರಂಭಿಸಿತು. ಅಲ್ಲಿ ಅಚ್ಚಾದ ಗ್ರಂಥ ಸಂತರ ಚರಿತ್ರೆಗಳ ಸಂಗ್ರಹ. ಈ ನಾಲ್ವರಲ್ಲಿ ಇಬ್ಬರನ್ನು ನೆನಪಿಟ್ಟುಕೊಳ್ಳಿ: ಜೂಲಿಯಾವೊ ಮತ್ತು ಮಿಗೆಲ್. ಮಿಗೆಲನದು ಇದೇ ಬೆಟ್ಟದ ಪಶ್ಚಿಮ ತಪ್ಪಲಿನ ಚಿಜಿವಾ ಮನೆತನ.

ಒಂದು ಮಾತನ್ನು ಮುಚ್ಚಿಡಬಾರದು. ಅರಿಮಾ ಸೀಮೆ ಕ್ರೈಸ್ತ ಒಡೆಯರ ಕೈಯಲ್ಲಿದ್ದಾಗ ಅಲ್ಲಿನ ಬೌದ್ಧ ಮಂದಿರಗಳನ್ನೂ ಶಿಂತೋ ಗುಡಿಗಳನ್ನೂ ಕೆಡವಲಾಯಿತು. ಭಿಕ್ಷುಗಳು ಗುಹೆಯೊಂದರಲ್ಲಿ ಬಚ್ಚಿಟ್ಟಿದ್ದ ಬುದ್ಧನ ಮೂರ್ತಿಗಳನ್ನು ಹುಡುಕಿ ತೆಗೆದು ಒಡೆದು ಸೌದೆಯಾಗಿ ಉರಿಸಿದ್ದನ್ನು ಯೇಸುಸಭೆಯ ಲೂಯಿಸ್ ಫ್ರೋಯಿಸ್ ಎಂಬ ಗುರುಗಳೇ ಸಂತೋಷದಿಂದ ಬರೆದಿಟ್ಟಿದ್ದಾರೆ. ಆ ಸಂತೋಷವನ್ನು ನಾವು ಇಂದು ಹಂಚಿಕೊಳ್ಳಲಾರೆವು. ಮುಂದಿನ ಹಿಂಸೆಗೆ ಇದು ಸಮರ್ಥನೆಯೂ ಅಲ್ಲ. ಏಕೆಂದರೆ ಆ ಹಿಂಸೆಯನ್ನು ನಡೆಸಿದವರು ಭಿಕ್ಷುಗಳಲ್ಲ, ಆಡಳಿತಗಾರರು.

ಆಡಳಿತಗಾರರಿಗೆ ಭಯವಿತ್ತು. ನೂರು ವರ್ಷಗಳ ಅಂತರ್ಯುದ್ಧದ ನಂತರ ದೇಶವನ್ನು ಒಂದು ಮಾಡಿದ ತೊಕುಗಾವಾ ಮನೆತನದ ಶೋಗುನರಿಗೆ, ತಮಗಿಂತ ಮೇಲಿನ ಒಬ್ಬ ಒಡೆಯನಿಗೆ ನಿಷ್ಠರಾದ ಪ್ರಜೆಗಳು ಅಪಾಯಕಾರಿಗಳಾಗಿ ಕಂಡರು. ಅವರ ಹಿಂದೆ ಸ್ಪೇನ್, ಪೋರ್ಚುಗಲ್ ಹಡಗುಗಳ ನೆರಳೂ ಕಂಡಿತು. 1614ರಲ್ಲಿ ಕ್ರೈಸ್ತ ಧರ್ಮವನ್ನು ದೇಶದಾದ್ಯಂತ ನಿಷೇಧಿಸಲಾಯಿತು. ಅಷ್ಟರಲ್ಲಿ ಹರುನೊಬು ಮರಣದಂಡನೆಗೆ ಗುರಿಯಾಗಿದ್ದ. ಅವನ ಮಗ ವಿಶ್ವಾಸವನ್ನು ತೊರೆದು ಬೇರೆ ಸೀಮೆಗೆ ಹೋದ. ಅವನ ಸೇವಕರಲ್ಲಿ ಅನೇಕರು ಮಾತ್ರ ಹೋಗಲಿಲ್ಲ. ಕತ್ತಿ ಬದಿಗಿಟ್ಟು, ನೇಗಿಲು ಹಿಡಿದು, ಅದೇ ಮಣ್ಣಿನಲ್ಲಿ ಉಳಿದರು. 1616ರಲ್ಲಿ ಮತ್ಸುಕುರಾ ಶಿಗೆಮಾಸಾ ಎಂಬಾತ ಶಿಮಾಬಾರಕ್ಕೆ ಒಡೆಯನಾಗಿ ಬಂದ. ಮೊದಮೊದಲು ಅವನು ಕ್ರೈಸ್ತರನ್ನು ಕಂಡೂ ಕಾಣದಂತಿದ್ದ. ಮೇಲಿನಿಂದ ಒತ್ತಡ ಹೆಚ್ಚಿದಂತೆ ಅವನ ಕಣ್ಣು ಬೆಟ್ಟದ ಬುಗ್ಗೆಗಳ ಮೇಲೆ ಬಿತ್ತು.

ಉಳಿದುಕೊಂಡವರಲ್ಲಿ ಪಾವ್ಲೊ ಉಚಿಬೋರಿ ಸಕುಎಮೊನ್ ಒಬ್ಬ. ಗುರುಗಳು ತಲೆಮರೆಸಿಕೊಂಡಿದ್ದ ಆ ದಿನಗಳಲ್ಲಿ ಕ್ರೈಸ್ತ ಸಮುದಾಯಕ್ಕೆ ಆಸರೆಯಾಗಿದ್ದ ಶ್ರೀಸಾಮಾನ್ಯ. 1627ರ ಫೆಬ್ರವರಿ 21ರಂದು ಅವನ ಕಣ್ಣೆದುರೇ ಅವನ ಮೂವರು ಗಂಡುಮಕ್ಕಳ, ಬಾಲ್ತಸಾರ್, ಅಂತೋನಿಯೊ ಮತ್ತು ಐದು ವರ್ಷದ ಇಗ್ನಾಸಿಯೊ ಇವರ, ಬೆರಳುಗಳನ್ನು ಕತ್ತರಿಸಿ ಶಿಮಾಬಾರದ ಚಳಿಗಾಲದ ಕಡಲಿಗೆ ಎಸೆದರು. ವಾರ ಕಳೆದು, ಫೆಬ್ರವರಿ 28ರಂದು, ಪಾವ್ಲೊ ಸೇರಿದಂತೆ 16 ಮಂದಿಯನ್ನು ಉನ್ಜೆನ್ ಬೆಟ್ಟಕ್ಕೆ ಹತ್ತಿಸಿ ಕುದಿಯುವ ಬುಗ್ಗೆಗೆ ತಳ್ಳಿದರು. ಪಾವ್ಲೊನನ್ನು ಕಾಲಿಗೆ ಹಗ್ಗ ಕಟ್ಟಿ ತಲೆಕೆಳಗಾಗಿ ಇಳಿಸಿ, ಎತ್ತಿ, ಮತ್ತೆ ಇಳಿಸಿದರೆಂದೂ, ಎತ್ತಿದಾಗಲೆಲ್ಲ ಆತ ಪರಮಪವಿತ್ರ ಪ್ರಸಾದಕ್ಕೆ ಸ್ತುತಿ ಸಲ್ಲಿಸಿದನೆಂದೂ ಆ ಕಾಲದ ವರದಿಗಳು ಹೇಳುತ್ತವೆ. ಮೇ 17ರಂದು ಮತ್ತೆ ಹತ್ತು ಮಂದಿ ಅದೇ ಬೆಟ್ಟದಲ್ಲಿ ಪ್ರಾಣ ಬಿಟ್ಟರು. ಇವರಲ್ಲಿ ಯಾರೂ ಯಾಜಕರಲ್ಲ. ಮನೆ, ಹೊಲ, ಮಕ್ಕಳು ಇದ್ದವರು.

ಇಷ್ಟಕ್ಕೇ ನಿಂತಿದ್ದರೆ ಉನ್ಜೆನ್ ಕತೆ ರಕ್ತಸಾಕ್ಷಿಗಳ ಬೇರೆ ಕತೆಗಳಂತೆಯೇ ಇರುತ್ತಿತ್ತು. ಆದರೆ ಅಧಿಕಾರಿಗಳು ಒಂದು ವಿಷಯವನ್ನು ಗಮನಿಸಿದರು. ಸಾಯಿಸಿದಷ್ಟೂ ಜನ ಸಾಯಲು ಸಿದ್ಧರಾಗುತ್ತಿದ್ದಾರೆ; ಸತ್ತವರ ನೆನಪಿನಿಂದ ಉಳಿದವರು ಬಲಗೊಳ್ಳುತ್ತಿದ್ದಾರೆ. ಹಾಗಾದರೆ ಬೇಕಾದುದು ಹೆಣವಲ್ಲ, ನಿರಾಕರಣೆ. 1629ರಲ್ಲಿ ನಾಗಸಾಕಿಯ ಆಡಳಿತಾಧಿಕಾರಿಯಾಗಿ ಬಂದ ತಾಕೆನಾಕಾ ಉನೆಮೆ ಈ ತರ್ಕವನ್ನು ಪೂರ್ತಿಯಾಗಿ ಜಾರಿಗೆ ತಂದ. ಅವನು ನಾಗಸಾಕಿಯ ಕ್ರೈಸ್ತರನ್ನು ಗುಂಪುಗುಂಪಾಗಿ ದೋಣಿಯಲ್ಲಿ ಒಬಾಮಕ್ಕೆ ಸಾಗಿಸಿ, ಅಲ್ಲಿಂದ ಬೆಟ್ಟ ಹತ್ತಿಸಿದ. ಈಗ ಯಾರನ್ನೂ ಬುಗ್ಗೆಯಲ್ಲಿ ಮುಳುಗಿಸಲಿಲ್ಲ. ತೂತು ಕೊರೆದ ಸೌಟುಗಳಿಂದ ಕುದಿನೀರನ್ನು ಬತ್ತಲೆ ಮೈಮೇಲೆ ಸ್ವಲ್ಪ ಸ್ವಲ್ಪವಾಗಿ ಸುರಿದರು. ಪಕ್ಕದಲ್ಲಿ ವೈದ್ಯನೊಬ್ಬ ಇರುತ್ತಿದ್ದ. ಗಾಯಕ್ಕೆ ಮದ್ದು ಹಚ್ಚಿ, ಪ್ರಾಣ ಹೋಗದಂತೆ ನೋಡಿಕೊಂಡು, ಮರುದಿನ ಮತ್ತೆ ಸುರಿಯಲು ಅನುವು ಮಾಡಿಕೊಡುವುದೇ ಅವನ ಕೆಲಸ. ಗುಣಪಡಿಸುವ ನೀರು, ಗುಣಪಡಿಸುವ ವೈದ್ಯ, ಎರಡೂ ಚಿತ್ರಹಿಂಸೆಯ ಊಳಿಗಕ್ಕೆ ನಿಂತವು. ಕತ್ತಿಗಿಂತ ಇದೇ ಹೆಚ್ಚು ಕ್ರೂರವೆಂದು ನನಗನಿಸುತ್ತದೆ.

ಹೀಗೆ ಹಿಂಸಿಸಿ, ಒಪ್ಪಿದವರಿಂದ ವಿಶ್ವಾಸತ್ಯಾಗದ ಕಾಗದಕ್ಕೆ ಸಹಿಯನ್ನೋ ಮುದ್ರೆಯನ್ನೋ ಹಾಕಿಸಿಕೊಂಡು ಬಿಟ್ಟುಬಿಡುತ್ತಿದ್ದರು. ಒಪ್ಪಿದವರು ಬಹಳ ಮಂದಿ. ಅವರಿಗೆ ಜಪಾನೀ ಭಾಷೆಯಲ್ಲಿ ‘ಕೊರೊಬಿ’ ಎಂಬ ಹೆಸರು ಬಂತು: ಉರುಳಿದವರು, ಬಿದ್ದವರು.

1631ರ ಡಿಸೆಂಬರಿನಲ್ಲಿ ತಾಕೆನಾಕಾ ಏಳು ಮಂದಿಯನ್ನು ಬೆಟ್ಟಕ್ಕೆ ಕಳುಹಿಸಿದ. ಜಪಾನೀಯರೇ ಆದ ಯೇಸುಸಭೆಯ ಗುರು ಅಂತೋನಿಯೊ ಇಶಿದಾ, ಮೆಕ್ಸಿಕೊದಲ್ಲಿ ಹುಟ್ಟಿದ ಅಗಸ್ಟೀನಿಯನ್ ಗುರು ಬಾರ್ತೊಲೊಮೆ ಗುತಿಯೆರೆಸ್, ಅಗಸ್ಟೀನಿಯನ್ ರೆಕೊಲೆಕ್ಟ್ ಪಂಗಡದ ಇಬ್ಬರು ಗುರುಗಳು, ವೈದ್ಯರೂ ಆಗಿದ್ದ ಫ್ರಾನ್ಸಿಸ್ಕನ್ ಸಹೋದರ ಗಾಬ್ರಿಯೆಲ್ ದೆ ಲಾ ಮಗ್ದಲೆನಾ, ಜೊತೆಗೆ ಬೆಯಾತ್ರಿಸ್ ದ ಕೊಸ್ತಾ ಎಂಬ ಗೃಹಿಣಿ ಮತ್ತು ಆಕೆಯ ಮಗಳು ಮರಿಯಾ. ಪ್ರತ್ಯೇಕ ಗುಡಿಸಲುಗಳು, ಕೈಕಾಲಿಗೆ ಸಂಕೋಲೆ, ಹೊಟ್ಟೆಗೆ ಒಂದಿಷ್ಟು ಅನ್ನ, ಮತ್ತೆ ಆ ಸೌಟು. ಮರಿಯಾ ಎಂಬ ಆ ಹುಡುಗಿ ನೋವು ತಾಳದೆ ಕುಸಿದು ಬಿದ್ದಾಗ, ಅವಳು ವಿಶ್ವಾಸ ತೊರೆದಳೆಂದು ಕಾವಲುಗಾರರು ಸಾರಿ, ಅವಳನ್ನು ನಾಗಸಾಕಿಗೆ ಕಳುಹಿಸಿಬಿಟ್ಟರು. ತಾನು ಹಾಗೆ ಹೇಳಿಲ್ಲವೆಂದು ಅವಳು ಪಟ್ಟು ಹಿಡಿದಳು. ನೆಲಕ್ಕೆ ಬೀಳುವುದಕ್ಕೂ ವಿಶ್ವಾಸದಿಂದ ಬೀಳುವುದಕ್ಕೂ ಅವರ ಭಾಷೆಯಲ್ಲಿ ಒಂದೇ ಮಾತು. 33 ದಿನಗಳಾದರೂ ಉಳಿದವರು ಬಗ್ಗಲಿಲ್ಲ. 1632ರ ಜನವರಿ 5ರಂದು ಅಧಿಕಾರಿಗಳು ಸೋತು ಅವರನ್ನು ನಾಗಸಾಕಿಗೆ ಹಿಂತಿರುಗಿಸಿದರು. ಆ ಐವರು ಧಾರ್ಮಿಕರನ್ನು ಸೆಪ್ಟೆಂಬರ್ 3ರಂದು, ಸಂತ ಗೊನ್ಸಾಲೊ ಶಿಲುಬೆಗೇರಿದ ಅದೇ ನಿಶಿಜಾಕಾ ಗುಡ್ಡದಲ್ಲಿ, ಜೀವಂತ ಸುಟ್ಟರು. ಪೋಪ್ ಒಂಬತ್ತನೆಯ ಪಿಯುಸ್ 1867ರಲ್ಲಿ ಪುನೀತರೆಂದು ಸಾರಿದ 205 ರಕ್ತಸಾಕ್ಷಿಗಳಲ್ಲಿ ಇವರೂ ಇದ್ದಾರೆ.

ಈ ವಿವರಗಳೆಲ್ಲ ನಮಗೆ ದೊರೆತದ್ದು ಎಲ್ಲಿಂದ? 1632ರ ಮಾರ್ಚಿನಲ್ಲಿ ಯೇಸುಸಭೆಯ ಕ್ರಿಸ್ತೊವಾವ್ ಫೆರೇರಾ ಎಂಬ ಪೋರ್ಚುಗೀಸ್ ಗುರುಗಳು ಅಡಗುತಾಣದಿಂದ ಬರೆದು ಹೊರಗೆ ಕಳುಹಿಸಿದ ಪತ್ರದಿಂದ. ಇಶಿದಾ ಮತ್ತು ಸಂಗಡಿಗರ ದೃಢತೆಯನ್ನು ಕಂಡು ಕ್ರೈಸ್ತರೆಲ್ಲ ಧೈರ್ಯ ತಳೆದದ್ದನ್ನು ಅವರು ಮೆಚ್ಚಿ ಬರೆದರು. ಒಂದೂವರೆ ವರ್ಷ ಕಳೆಯಿತು. 1633ರ ಅಕ್ಟೋಬರಿನಲ್ಲಿ ಅದೇ ಫೆರೇರಾ ಸೆರೆಸಿಕ್ಕು, ಹೊಲಸು ತುಂಬಿದ ಹೊಂಡದೊಳಕ್ಕೆ ತಲೆಕೆಳಗಾಗಿ ತೂಗುಹಾಕಲ್ಪಟ್ಟು, ಐದು ಗಂಟೆಗಳ ನಂತರ ವಿಶ್ವಾಸವನ್ನು ತೊರೆದರು. ಪಕ್ಕದ ಹೊಂಡದಲ್ಲಿ ತೂಗುತ್ತಿದ್ದವರು ನಕೌರಾ ಜೂಲಿಯಾವೊ, 51 ವರ್ಷಗಳ ಹಿಂದೆ ಯೂರೋಪಿಗೆ ಹೊರಟಿದ್ದ ಆ ಹುಡುಗ. ಅವರು ನಾಲ್ಕನೆಯ ದಿನ ಅಲ್ಲಿಯೇ ಪ್ರಾಣ ಬಿಟ್ಟರು. ಉನ್ಜೆನ್‌ನಲ್ಲಿ ನಿಂತವರ ಚರಿತ್ರೆಯನ್ನು ಲೋಕಕ್ಕೆ ತಿಳಿಸಿದವರೇ ಬಿದ್ದರು. ಜಪಾನಿನ ಕಥೋಲಿಕ ಲೇಖಕ ಶೂಸಾಕು ಎಂಡೊ 1966ರಲ್ಲಿ ಪ್ರಕಟಿಸಿದ ‘ಮೌನ’ ಎಂಬ ಕಾದಂಬರಿಯ ಆರಂಭದಲ್ಲೇ ಈ ಪತ್ರದ ಪ್ರಸ್ತಾಪವಿದೆ. 2016ರಲ್ಲಿ ಬಂದ ಅದರ ಚಲನಚಿತ್ರವೂ ಈ ಬುಗ್ಗೆಗಳ ದೃಶ್ಯದಿಂದಲೇ ಶುರುವಾಗುತ್ತದೆ.

ಓದುಗರೇ, ಫೆರೇರಾರನ್ನು ತೂಗಿ ನೋಡುವ ಅವಸರ ನಮಗೆ ಬೇಡ. ಐದು ಗಂಟೆ ಎಂದು ಬರೆಯುವುದು ಸುಲಭ. ನಮ್ಮ ಉಪದೇಶಗಳಲ್ಲಿ ರಕ್ತಸಾಕ್ಷಿಗಳನ್ನು ಎತ್ತಿ ಹಿಡಿಯುತ್ತೇವೆ, ಸರಿಯೇ. ಬಿದ್ದವರ ಬಗ್ಗೆ ಮೌನವಾಗಿರುತ್ತೇವೆ, ಅಥವಾ ಅವರ ಹೆಸರನ್ನು ಎಚ್ಚರಿಕೆಯ ಗಂಟೆಯಂತೆ ಬಾರಿಸುತ್ತೇವೆ. ಜಪಾನಿನ ಧರ್ಮಸಭೆ ಈ ವಿಷಯದಲ್ಲಿ ನಮಗಿಂತ ಅನುಭವಸ್ಥೆ. ಅದಕ್ಕೆ ಒಂದು ಚಿಕ್ಕ ಪುಸ್ತಕ ಸಾಕ್ಷಿ. 1603ರಲ್ಲಿ ನಾಗಸಾಕಿಯಲ್ಲಿ ಅಚ್ಚಾದ ‘ಕೊಂಚಿರಿಸಾನ್ ನೊ ರಿಯಾಕು’. ಕೊಂಚಿರಿಸಾನ್ ಎಂದರೆ ಪಶ್ಚಾತ್ತಾಪ ಎಂಬರ್ಥದ ಪೋರ್ಚುಗೀಸ್ ಪದದ ಜಪಾನೀ ಉಚ್ಚಾರಣೆ. ಪಾಪನಿವೇದನೆ ಕೇಳಲು ಗುರುಗಳು ಸಿಗದಿದ್ದಾಗ, ಮುಂದೆ ಸಿಕ್ಕರೆ ನಿವೇದಿಸುವ ಸಂಕಲ್ಪದೊಂದಿಗೆ ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ ಪರಿಪೂರ್ಣ ಪಶ್ಚಾತ್ತಾಪ ಪಟ್ಟರೆ ದೇವರು ಕ್ಷಮಿಸುವರೆಂಬ ಧರ್ಮಸಭೆಯ ಬೋಧನೆಯನ್ನು ಅದು ಸರಳವಾಗಿ ತಿಳಿಸಿ, ಹೇಳಿಕೊಳ್ಳಬೇಕಾದ ಪ್ರಾರ್ಥನೆಯನ್ನೂ ಕೊಟ್ಟಿತ್ತು. ಪುಸ್ತಕವನ್ನು ಬರೆದಾಗ ಮುಂದೆ ಬರಲಿರುವುದರ ಅಂದಾಜು ಯಾರಿಗೂ ಪೂರ್ತಿಯಾಗಿ ಇದ್ದಿರಲಾರದು.

ಸುಮಾರು 1629ರ ಹೊತ್ತಿಗೆ ಅಧಿಕಾರಿಗಳು ಇನ್ನೊಂದು ಉಪಾಯ ಹೂಡಿದರು. ಪ್ರಭು ಯೇಸುವಿನ ಅಥವಾ ಮಾತೆ ಮರಿಯಮ್ಮನವರ ಚಿತ್ರಫಲಕವನ್ನು ನೆಲದ ಮೇಲಿಟ್ಟು ಜನರಿಂದ ತುಳಿಸುವುದು. ನಾಗಸಾಕಿಯಲ್ಲಿ ಇದು ವಾರ್ಷಿಕ ಪದ್ಧತಿಯಾಗಿ 19ನೆಯ ಶತಮಾನದ ಮಧ್ಯದವರೆಗೂ ನಡೆಯಿತು. ಗುಪ್ತವಾಗಿ ವಿಶ್ವಾಸ ಉಳಿಸಿಕೊಂಡವರು ಹೋಗಿ ತುಳಿದು ಬರುತ್ತಿದ್ದರು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೊಂಚಿರಿಸಾನ್ ಪ್ರಾರ್ಥನೆ ಹೇಳುತ್ತಿದ್ದರು. ಅಚ್ಚಾದ ಪ್ರತಿಗಳು ನಾಶವಾದರೂ ಕೈಬರಹದ ಪ್ರತಿಗಳು ತಂದೆಯಿಂದ ಮಗನಿಗೆ ಸಾಗಿಬಂದವು. ಯಾಜಕರಿಲ್ಲದೆ ಇನ್ನೂರಕ್ಕೂ ಹೆಚ್ಚು ವರ್ಷ ಬಾಳಿ, 1865ರ ಮಾರ್ಚ್ 17ರಂದು ನಾಗಸಾಕಿಯ ಓವುರಾ ದೇವಾಲಯದಲ್ಲಿ ಗುರು ಪೆತಿಜಾನರ ಎದುರು ತಮ್ಮ ಗುರುತು ಹೇಳಿಕೊಂಡ ಕ್ರೈಸ್ತರು ಇಂತಹವರ ವಂಶಜರು. ಒಮ್ಮೆಯೂ ಬೀಳದವರ ಸಂತತಿಯಲ್ಲ, ವರ್ಷವರ್ಷವೂ ಬಿದ್ದು ಎದ್ದವರ ಸಂತತಿ. ಪ್ರಭುವನ್ನು ಮೂರು ಸಲ ನಿರಾಕರಿಸಿ ಹೊರಗೆ ಹೋಗಿ ಅತ್ತ ಪೇತ್ರನ ಕತೆಯನ್ನು ಅವರಷ್ಟು ಹತ್ತಿರದಿಂದ ಅರಿತವರು ವಿರಳ.

ಉನ್ಜೆನ್ ಬೆಟ್ಟದ ಸುತ್ತಲಿನ ಹಳ್ಳಿಗಳಿಗೆ ಮಾತ್ರ ಆ ಭಾಗ್ಯ ಇರಲಿಲ್ಲ. ಮತ್ಸುಕುರಾ ಶಿಗೆಮಾಸಾ 1630ರಲ್ಲಿ ತಪ್ಪಲಿನ ಒಬಾಮದ ಬಿಸಿನೀರಿನ ತಾಣದಲ್ಲಿಯೇ ಹಠಾತ್ತನೆ ಸತ್ತ. ಇದನ್ನು ದೈವದಂಡನೆಯೆಂದು ಬರೆದವರಿದ್ದಾರೆ. ಹಾಗೆ ಹೇಳಲು ನನಗೆ ಮನಸ್ಸಿಲ್ಲ. ಅವನ ಸಾವಿನಿಂದ ಯಾರ ಕಷ್ಟವೂ ಕಡಿಮೆಯಾಗಲಿಲ್ಲ. ಸುಮಾರು 40,000 ‘ಕೊಕು’ ಭತ್ತದ ಸೀಮೆಯನ್ನು 100,000 ಕೊಕುವಿನದೆಂದು ಒಪ್ಪಿಸಿ ಆ ಲೆಕ್ಕಕ್ಕೆ ತೆರಿಗೆ ಕಿತ್ತದ್ದು ತಂದೆ. ಬರಗಾಲದಲ್ಲೂ ಅದನ್ನೇ ಮುಂದುವರಿಸಿದ್ದು ಮಗ ಕತ್ಸುಯಿಯೆ. 1637ರ ಡಿಸೆಂಬರಿನಲ್ಲಿ ರೈತರು ದಂಗೆಯೆದ್ದರು. ಅವರಲ್ಲಿ ಅನೇಕರು ಹಿಂದೆ ಹಿಂಸೆಗೆ ಅಂಜಿ ವಿಶ್ವಾಸ ತೊರೆದಿದ್ದವರು. ಈಗ ಬಹಿರಂಗವಾಗಿ ಮರಳಿ ಕ್ರೈಸ್ತರಾದರು. ಅವರಿಗೆ ‘ತಾಚಿಕಾಯೆರಿ’ ಎಂಬ ಹೆಸರು, ‘ಮರಳಿ ಬಂದವರು’ ಎಂದರ್ಥ. ಹದಿಹರೆಯದ ಅಮಾಕುಸಾ ಶಿರೊ ಎಂಬ ಹುಡುಗನನ್ನು ನಾಯಕನನ್ನಾಗಿಸಿಕೊಂಡು, ಪಾಳುಬಿದ್ದಿದ್ದ ಹಾರಾ ಕೋಟೆಯನ್ನು ಹೊಕ್ಕರು. ಅವರ ಧ್ವಜ ಇಂದಿಗೂ ಉಳಿದಿದೆ. ಪಾನಪಾತ್ರೆ, ಅದರ ಮೇಲೆ ಪರಮಪ್ರಸಾದ, ಇಕ್ಕೆಲಗಳಲ್ಲಿ ಆರಾಧಿಸುವ ದೇವದೂತರು. ಮೇಲೆ ಪೋರ್ಚುಗೀಸ್ ಭಾಷೆಯಲ್ಲಿ ಪರಮಪವಿತ್ರ ಪ್ರಸಾದಕ್ಕೆ ಸ್ತುತಿ. ಹತ್ತು ವರ್ಷಗಳ ಹಿಂದೆ ಪಾವ್ಲೊ ಉಚಿಬೋರಿ ಕುದಿನೀರಿನಿಂದ ಮೇಲೆ ಬಂದು ನುಡಿದ ಸ್ತುತಿಯೂ ಅದೇ.

1638ರ ಏಪ್ರಿಲಿನಲ್ಲಿ ಕೋಟೆ ಬಿತ್ತು. ಒಳಗಿದ್ದ ಹೆಂಗಸರು, ಮಕ್ಕಳು ಸೇರಿ ಸುಮಾರು 37,000 ಜನ ಸತ್ತರೆಂದು ಹೇಳುವುದು ವಾಡಿಕೆ. ಶೋಗುನನ ಕೋರಿಕೆಯಂತೆ ಡಚ್ಚರ ಹಡಗೊಂದು ಬಂದು ಆ ಕೋಟೆಯ ಮೇಲೆ ಗುಂಡು ಹಾರಿಸಿತ್ತು. ಕ್ರೈಸ್ತರ ಮೇಲೆ ಕ್ರೈಸ್ತರ ಗುಂಡು. ಪ್ರಜೆಗಳನ್ನು ದಂಗೆಗೆ ದೂಡಿದ ತಪ್ಪಿಗೆ ಕತ್ಸುಯಿಯೆಯ ತಲೆಯನ್ನೂ ಶೋಗುನ ತೆಗೆಸಿದ. ಆಯುಧ ಹಿಡಿದವರಾದ್ದರಿಂದ ಹಾರಾ ಕೋಟೆಯಲ್ಲಿ ಸತ್ತವರನ್ನು ಧರ್ಮಸಭೆ ರಕ್ತಸಾಕ್ಷಿಗಳೆಂದು ಎಣಿಸಿಲ್ಲ. ಕೋಟೆಯ ನೆಲವನ್ನು ಅಗೆದವರಿಗೆ ಮೂಳೆಗಳ ಜೊತೆ ಜಪಸರದ ಮಣಿಗಳು, ಬಂದೂಕಿನ ಸೀಸದ ಗುಂಡುಗಳನ್ನು ಕರಗಿಸಿ ಮಾಡಿದ ಪುಟ್ಟ ಶಿಲುಬೆಗಳು ಸಿಕ್ಕಿವೆ. ಪರ್ಯಾಯದ್ವೀಪದ ದಕ್ಷಿಣ ಭಾಗ ಬರಿದಾಯಿತು. ಬೇರೆ ಸೀಮೆಗಳಿಂದ ರೈತರನ್ನು ಕರೆತಂದು ನೆಲೆಗೊಳಿಸಿದರು. 1865ರಲ್ಲಿ ನಾಗಸಾಕಿಯ ಸುತ್ತಮುತ್ತಲಿನಿಂದ ಗುಪ್ತ ಕ್ರೈಸ್ತರು ಹೊರಬಂದಾಗ ಈ ಹಳ್ಳಿಗಳಿಂದ ಬರಲು ಯಾರೂ ಉಳಿದಿರಲಿಲ್ಲ.

ಚಿಜಿವಾ ಮಿಗೆಲನ ಮಾತು ಬಾಕಿಯಿದೆ. ಅವನು ಯೇಸುಸಭೆಯನ್ನು ಬಿಟ್ಟ, ಮದುವೆಯಾದ, ಕ್ರೈಸ್ತ ಧರ್ಮವನ್ನೇ ತೊರೆದನೆಂದು ಗುರುಗಳೂ ಅಧಿಕಾರಿಗಳೂ ಬರೆದಿಟ್ಟರು. ನಾಲ್ಕು ಶತಮಾನ ಅವನ ಹೆಸರಿಗೆ ಅಂಟಿದ್ದು ಆ ಒಂದೇ ವಿಶೇಷಣ. 2017ರಲ್ಲಿ ನಾಗಸಾಕಿ ಪ್ರಾಂತದ ಇಸಾಹಾಯದಲ್ಲಿ, ಅವನದೂ ಅವನ ಹೆಂಡತಿಯದೂ ಎಂದು ನಂಬಲಾದ ಸಮಾಧಿಯನ್ನು ಅಗೆದಾಗ, ಜಪಸರದ್ದೆಂದು ಊಹಿಸಲಾದ ಮಣಿಗಳು ದೊರೆತವು. ಅಷ್ಟರಿಂದಲೇ ಅವನು ಗುಟ್ಟಾಗಿ ವಿಶ್ವಾಸಿಯಾಗಿದ್ದನೆಂದು ತೀರ್ಮಾನಿಸಲಾಗದು. ಅವನನ್ನು ಧರ್ಮಭ್ರಷ್ಟನೆಂದು ಕರೆದ ನಮ್ಮ ಬಾಯಿ ಸ್ವಲ್ಪ ತಡವರಿಸಿದರೆ ಅದು ಒಳ್ಳೆಯದೇ.

2008ರ ನವೆಂಬರ್ 24ರಂದು ನಾಗಸಾಕಿಯಲ್ಲಿ 188 ಜಪಾನೀ ರಕ್ತಸಾಕ್ಷಿಗಳನ್ನು ಪುನೀತರೆಂದು ಘೋಷಿಸಲಾಯಿತು. ನಕೌರಾ ಜೂಲಿಯಾವೊ ಅವರಲ್ಲೊಬ್ಬರು. ಪಾವ್ಲೊ ಉಚಿಬೋರಿ, ಅವನ ಮೂವರು ಮಕ್ಕಳು ಮತ್ತು ಸಂಗಡಿಗರು ಸೇರಿ ಶಿಮಾಬಾರ–ಉನ್ಜೆನ್‌ನ 29 ಮಂದಿಯ ಹೆಸರುಗಳು ಆ ಪಟ್ಟಿಯಲ್ಲಿವೆ. ನೀವು ಎಂದಾದರೂ ಅಲ್ಲಿಗೆ ಹೋಗುವುದಾದರೆ ಮೇ ತಿಂಗಳನ್ನು ಆರಿಸಿಕೊಳ್ಳಿ. ಬೆಟ್ಟದ ಇಳಿಜಾರುಗಳಲ್ಲಿ ಕಾಡು ಅಜೇಲಿಯಾ ಹೂಗಳು ನಸುಗೆಂಪಾಗಿ ಅರಳುವ ಕಾಲ ಅದು. ಆ ತಿಂಗಳಲ್ಲೇ ಕ್ರೈಸ್ತರು ರಕ್ತಸಾಕ್ಷಿಗಳ ಸ್ಮರಣೆಗಾಗಿ ಉನ್ಜೆನ್‌ನಲ್ಲಿ ಸೇರಿ ಬಲಿಪೂಜೆ ಅರ್ಪಿಸುತ್ತಾರೆ.

ಬಿದ್ದವರ ಹೆಸರುಗಳನ್ನು ಹುಡುಕುವವರು ಬೇರೆಡೆ ನೋಡಬೇಕು. ನಾಗಸಾಕಿಯ ಹಿರಾದೊ ಬೀದಿಯ ನಿವಾಸಿಗಳನ್ನು ಮನೆಮನೆಯಾಗಿ ದಾಖಲಿಸಿದ 1642ರ ಸರಕಾರಿ ಕಡತವೊಂದು ಉಳಿದುಬಂದಿದೆ. ಯಾರು, ಯಾವ ಊರಿನಲ್ಲಿ ಹುಟ್ಟಿದವರು, ಈಗ ಯಾವ ಬೌದ್ಧ ಮಂದಿರಕ್ಕೆ ಸೇರಿದವರು ಎಂಬುದೆಲ್ಲ ಅದರಲ್ಲಿದೆ. ಹಲವು ಹೆಸರುಗಳ ಪಕ್ಕದಲ್ಲಿ ಗುಮಾಸ್ತನ ಒಂದು ಚಿಕ್ಕ ಟಿಪ್ಪಣಿ: ಮೊದಲು ಕ್ರೈಸ್ತ, ತಾಕೆನಾಕಾ ಉನೆಮೆಯವರ ಕಾಲದಲ್ಲಿ ಬಿದ್ದ.